ಬ್ಲಾಕ್‌ಚೈನ್ ಫೋರ್ಕ್ ಆದ (ಕವಲೊಡೆದ) ಮೇಲೆ ಅದು ಹೊಸ ಚೈನೋ, ಹಳೆಯದರ ಮುಂದುವರಿಕೆಯೋ?

ಸರಪಳಿ ಓದುಗ:

ಇಥೀರಿಯಂ ಬ್ಲಾಕ್‌ಚೈನ್ ಎರಡಾದಾಗ ಉಳಿದ ಒಂದು ಕವಲು ಇಥೀರಿಯಂ ಕ್ಲಾಸಿಕ್. ಅದು ಯಾವತ್ತು ಹುಟ್ಟಿತು ಎಂದು ಕೇಳಿದರೆ ಕೆಲವರು 2015ರ ಜುಲೈ 30 ಎನ್ನುತ್ತಾರೆ, ಕೆಲವರು 2016ರ ಜುಲೈ 20 ಎನ್ನುತ್ತಾರೆ. ಮೊದಲನೆಯದು ಜೆನೆಸಿಸ್ ಬ್ಲಾಕ್‌ನ, ಅಂದರೆ ಸರಪಳಿಯ ಮೊಟ್ಟಮೊದಲ ಬ್ಲಾಕ್‌ನ ದಿನ. ಎರಡನೆಯದು ದಿ ಡಾವೋ ಎಂಬ ಹೂಡಿಕೆ ನಿಧಿಯ ಕಳವಿನ ನಂತರ ಹಾರ್ಡ್ ಫೋರ್ಕ್ (ಹಳೇ ಸಾಫ್ಟ್‌ವೇರ್ ಒಪ್ಪದ ನಿಯಮ ಬದಲಾವಣೆ) ನಡೆದ ದಿನ. ಫೋರ್ಕ್ ಆಯಿತು ಎಂದರೆ ಹೊಸ ಚೈನ್ ಹುಟ್ಟಿತು ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ಪ್ರಕರಣವನ್ನು ಹತ್ತಿರದಿಂದ ನೋಡಬೇಕು.

2016ರ ಜೂನ್ 17ರಂದು ದಿ ಡಾವೋ ಕಾಂಟ್ರಾಕ್ಟ್‌ನಿಂದ (ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ) ಸುಮಾರು 36 ಲಕ್ಷ ಈಥರ್ (ಇಥೀರಿಯಂನ ನಾಣ್ಯ) ಸೋರಿಹೋಯಿತು. ಅದನ್ನು ಹೂಡಿಕೆದಾರರಿಗೆ ಮರಳಿಸಲು 19,20,000ನೇ ಬ್ಲಾಕ್‌ನಲ್ಲಿ ನಿಯಮವನ್ನೇ ಬದಲಿಸಿದರು. ಯಾರ ಸಹಿಯೂ ಇಲ್ಲದೆ ಆ ಈಥರ್ ಒಂದು ಹಿಂಪಡೆಯುವ ಕಾಂಟ್ರಾಕ್ಟ್‌ಗೆ ವರ್ಗವಾಯಿತು. 19,19,999ನೇ ಬ್ಲಾಕ್‌ವರೆಗೆ ಎರಡೂ ಕಡೆಯ ದಾಖಲೆಯಲ್ಲಿ ಒಂದು ಬೈಟ್ ವ್ಯತ್ಯಾಸವೂ ಇಲ್ಲ. ಮುಂದಿನ ಬ್ಲಾಕ್‌ನ ಹ್ಯಾಶ್ (ಒಳಗಿನ ಡೇಟಾದಿಂದ ಬರುವ ಬೆರಳಚ್ಚಿನಂಥ ಸಂಖ್ಯೆ) ಇಥೀರಿಯಂನಲ್ಲಿ 4985 ಎಂದು ಶುರುವಾಗುತ್ತದೆ, ಕ್ಲಾಸಿಕ್‌ನಲ್ಲಿ 9436 ಎಂದು. ಎರಡೂ ತೋರಿಸುವ ಹಿಂದಿನ ಬ್ಲಾಕ್ ಮಾತ್ರ ಒಂದೇ.

ನಿಯಮ ಬದಲಿಸಿದ ಕಡೆಗೆ ಹಳೇ ಹೆಸರು ಉಳಿಯಿತು, ಬದಲಿಸದ ಕಡೆಗೆ ಹೊಸ ಹೆಸರು ಬಂತು. ಹಾಗಾದರೆ ಹೊಸದು ಯಾವುದು? ನನ್ನ ನಿಲುವು ಇದು: ಫೋರ್ಕ್ ಎನ್ನುವುದು ಒಂದು ಘಟನೆ. ಎರಡು ಗುಂಪಿನ ನೋಡ್‌ಗಳು (ಚೈನ್‌ನ ಪ್ರತಿ ಇಟ್ಟು ಪರಿಶೀಲಿಸುವ ಕಂಪ್ಯೂಟರ್‌ಗಳು) ಒಬ್ಬರ ಬ್ಲಾಕನ್ನು ಒಬ್ಬರು ಒಪ್ಪದೆ, ಎರಡೂ ಕಡೆ ಬ್ಲಾಕ್ ಬೆಳೆಯುತ್ತಲೇ ಹೋದರೆ ಮಾತ್ರ ಎರಡು ಚೈನ್. ಆಗ ಎರಡಕ್ಕೂ ವಯಸ್ಸು ಒಂದೇ. ಅಸಲಿ ಯಾವುದು ಎಂಬ ಪ್ರಶ್ನೆಗೆ ಪ್ರೋಟೊಕಾಲ್‌ನಲ್ಲಿ ಉತ್ತರವಿಲ್ಲ.

ಹಳೇ ಬ್ಲಾಕ್:

ನಿಮ್ಮ ನಿಲುವು ಸರಿಯಿದೆ. ಆದರೆ ಮೊದಲು ಪದ ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಒಬ್ಬರು ಒಂದು ಹೇಳಿ ಇನ್ನೊಬ್ಬರು ಇನ್ನೊಂದು ಕೇಳಿಸಿಕೊಳ್ಳುತ್ತಾರೆ. 2011ರ ಅಕ್ಟೋಬರ್‌ನಲ್ಲಿ ಬಂದ ಲೈಟ್‌ಕಾಯಿನ್ ಬಿಟ್‌ಕಾಯಿನ್‌ನ ಕೋಡ್ ತೆಗೆದುಕೊಂಡಿತು, ಜೆನೆಸಿಸ್ ಬ್ಲಾಕ್ ಮಾತ್ರ ತನ್ನದೇ. ಅದು ಕೋಡ್‌ನ ಫೋರ್ಕ್. ಬಿಟ್‌ಕಾಯಿನ್ ಇದ್ದವರಿಗೆ ಅದರಲ್ಲಿ ಒಂದು ಕಾಸೂ ಸಿಗಲಿಲ್ಲ, ಏಕೆಂದರೆ ಇತಿಹಾಸ ಹಂಚಿಕೆಯಾಗಿಲ್ಲ. ಅದು ಹೊಸ ಚೈನ್ ಎನ್ನುವುದಕ್ಕೆ ಚರ್ಚೆಯೇ ಬೇಡ.

ಇಬ್ಬರು ಗಣಿಗಾರರಿಗೆ (ಲೆಕ್ಕದ ಕೆಲಸ ಮಾಡಿ ಹೊಸ ಬ್ಲಾಕ್ ಸೇರಿಸುವವರು) ಏಕಕಾಲಕ್ಕೆ ಬ್ಲಾಕ್ ಸಿಕ್ಕಾಗ ಆಗುವ ಕವಲೂ ಫೋರ್ಕೇ. ಸಾಮಾನ್ಯವಾಗಿ ಮುಂದಿನ ಬ್ಲಾಕ್‌ಗೆ ಅದು ತೀರುತ್ತದೆ. ಆದರೆ 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್‌ನ ಒಂದು ಕವಲು 24 ಬ್ಲಾಕ್ ಉದ್ದ ಬೆಳೆಯಿತು. ಕಾರಣ ಡೇಟಾಬೇಸ್. ಬಿಟ್‌ಕಾಯಿನ್ ಸಾಫ್ಟ್‌ವೇರ್‌ನ 0.8 ಆವೃತ್ತಿ ಲೆವೆಲ್‌ಡಿಬಿಗೆ ಬದಲಾಗಿತ್ತು. 0.7 ಮತ್ತು ಅದಕ್ಕಿಂತ ಹಳೆಯವು ಬರ್ಕ್ಲಿಡಿಬಿ ಬಳಸುತ್ತಿದ್ದವು, ಅದರಲ್ಲಿ ಏಕಕಾಲಕ್ಕೆ ಎಷ್ಟು ಲಾಕ್ ಹಿಡಿಯಬಹುದು ಎಂಬುದಕ್ಕೆ ಮಿತಿ ಇತ್ತು. 2,25,430ನೇ ಬ್ಲಾಕ್‌ನಲ್ಲಿ ವ್ಯವಹಾರಗಳು ಹೆಚ್ಚಿದ್ದುದರಿಂದ ಆ ಮಿತಿ ಮೀರಿತು, ಹಳೇ ನೋಡ್‌ಗಳು ಬ್ಲಾಕನ್ನೇ ತಿರಸ್ಕರಿಸಿದವು. ಲಾಕ್ ಮಿತಿಯೂ ಒಂದು ನಿಯಮ ಎಂದು ಅದುವರೆಗೆ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕೊನೆಗೆ ದೊಡ್ಡ ಗಣಿ ಪೂಲ್‌ಗಳು 0.7ಕ್ಕೆ ಹಿಂದಿರುಗಿದವು, ಹಳೇ ಕವಲು ಮುಂದೆ ಹೋಯಿತು, 0.8ರ ಕವಲು ಕಳಚಿಬಿತ್ತು. ಆ ನಡುವೆ ಒಂದು ದೊಡ್ಡ ಪಾವತಿ ಎರಡು ಬಾರಿ ಖರ್ಚಾಯಿತು ಕೂಡ.

ಆ ಗಂಟೆಗಳಲ್ಲಿ ಎರಡು ಚೈನ್ ಇದ್ದವೇ? ಗಣಿಗಾರರು ಹಿಂದಿರುಗದೇ ಇದ್ದಿದ್ದರೆ ಇವತ್ತು ನಾವು ಹೌದು ಅನ್ನುತ್ತಿದ್ದೆವು. ಆದ್ದರಿಂದ ನಿಮ್ಮ ‘ಬೆಳೆಯುತ್ತಲೇ ಹೋದರೆ’ ಎಂಬ ಷರತ್ತು ಫೋರ್ಕ್ ಆದ ಕ್ಷಣದಲ್ಲಿ ಪರೀಕ್ಷಿಸಲು ಬರುವಂಥದ್ದಲ್ಲ, ಆಮೇಲಷ್ಟೇ ಗೊತ್ತಾಗುವಂಥದ್ದು.

ಗಣಿ ಲೆಕ್ಕ:

ಪೂರ್ತಿ ಆಮೇಲೆ ಅಂತಲ್ಲ, ಬಹುಪಾಲು ಮೊದಲೇ ಲೆಕ್ಕ ಹಾಕಬಹುದು. ಕವಲು ಬದುಕುತ್ತದೆಯೋ ಇಲ್ಲವೋ ಎನ್ನುವುದನ್ನು ಡಿಫಿಕಲ್ಟಿ (ಹೊಸ ಬ್ಲಾಕ್ ಸಿಗುವುದು ಎಷ್ಟು ಕಷ್ಟ ಎಂಬ ಮಟ್ಟ) ಹೊಂದಿಸುವ ಸೂತ್ರ ತೀರ್ಮಾನಿಸುತ್ತದೆ.

ಬಿಟ್‌ಕಾಯಿನ್‌ನಲ್ಲಿ ಡಿಫಿಕಲ್ಟಿ ಬದಲಾಗುವುದು 2016 ಬ್ಲಾಕ್‌ಗೆ ಒಮ್ಮೆ. ಒಂದು ಕವಲಿಗೆ ಶೇ. 5 ಗಣಿ ಬಲ ಮಾತ್ರ ಬಂತು ಎನ್ನಿ. 10 ನಿಮಿಷದ ಬ್ಲಾಕ್‌ಗೆ 200 ನಿಮಿಷ ಬೇಕಾಗುತ್ತದೆ. ಫೋರ್ಕ್ ಆದದ್ದು ಅವಧಿಯ ಆರಂಭದಲ್ಲಾದರೆ ಮುಂದಿನ ಹೊಂದಾಣಿಕೆಗೆ 280 ದಿನ. ಅಷ್ಟು ದಿನ ನಷ್ಟದಲ್ಲಿ ಯಾರು ಗಣಿ ನಡೆಸುತ್ತಾರೆ? ಹಾಗಾಗಿಯೇ ಬಿಟ್‌ಕಾಯಿನ್‌ನಿಂದ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್‌ನವರು 2017ರ ಆಗಸ್ಟ್ 1ರ ಫೋರ್ಕ್‌ನೊಂದಿಗೇ ತುರ್ತು ಹೊಂದಾಣಿಕೆ ಸೇರಿಸಿದರು: 6 ಬ್ಲಾಕ್ ಬರಲು 12 ಗಂಟೆ ಮೀರಿದರೆ ಡಿಫಿಕಲ್ಟಿ ಶೇ. 20 ಇಳಿಯುತ್ತದೆ. ಇದರ ಅಡ್ಡಪರಿಣಾಮವೂ ಕಣ್ಣಮುಂದೆಯೇ ಕಂಡಿತು. ಡಿಫಿಕಲ್ಟಿ ಕುಸಿದ ಕೂಡಲೇ ಗಣಿಗಾರರು ನುಗ್ಗಿ ಬ್ಲಾಕ್‌ಗಳ ಮಳೆ ಸುರಿಸುವುದು, ಏರಿದ ಕೂಡಲೇ ಬಿಟ್ಟುಹೋಗುವುದು. ಅದೇ ವರ್ಷ ನವೆಂಬರ್‌ನಲ್ಲಿ ಆ ಸೂತ್ರವನ್ನು ತೆಗೆಯಬೇಕಾಯಿತು.

ಆಗಿನ ಇಥೀರಿಯಂನಲ್ಲಿ ಹೊಂದಾಣಿಕೆ ಪ್ರತಿ ಬ್ಲಾಕ್‌ಗೂ ಇತ್ತು. ಒಂದು ಬ್ಲಾಕ್ ತಡವಾದರೆ ಡಿಫಿಕಲ್ಟಿ 2048ರಲ್ಲಿ 99 ಭಾಗದವರೆಗೆ, ಅಂದರೆ ಸುಮಾರು ಶೇ. 4.8, ಒಂದೇ ಏಟಿಗೆ ಇಳಿಯಬಲ್ಲದು. ಬಹುಪಾಲು ಗಣಿ ಬಲ ಆಚೆ ಹೋದರೂ ಕ್ಲಾಸಿಕ್ ಬೇಗನೆ ಉಸಿರಾಡಿದ್ದು ಇದರಿಂದ. ಫೋರ್ಕ್ ಆದ ನಾಲ್ಕೇ ದಿನಕ್ಕೆ, ಜುಲೈ 24ರಂದು, ಪೊಲೊನಿಯೆಕ್ಸ್ ಎಂಬ ನಾಣ್ಯ ವಿನಿಮಯ ಕೇಂದ್ರ ಅದನ್ನು ಪಟ್ಟಿಗೆ ಸೇರಿಸಿದ ಮೇಲೆ ಬೆಲೆಯೂ ಬಂತು, ಗಣಿಗಾರರೂ ಮರಳಿದರು.

ಇನ್ನೊಂದು ಮಾತು. ‘ಒಬ್ಬರ ಬ್ಲಾಕನ್ನು ಒಬ್ಬರು ಒಪ್ಪದೆ’ ಎಂದಿರಿ. ಅದು ಎರಡೂ ದಿಕ್ಕಿನಲ್ಲಿ ನಿಜವಾಗಿರಬೇಕು. ಬ್ಲಾಕ್ ಗಾತ್ರದ ಮಿತಿ ಏರಿಸುವುದಷ್ಟೇ ಬದಲಾವಣೆಯಾಗಿದ್ದರೆ, ಹಳೇ ನೋಡ್ ಹೊಸ ದೊಡ್ಡ ಬ್ಲಾಕನ್ನು ತಿರಸ್ಕರಿಸುತ್ತದೆ, ಹೊಸ ನೋಡ್ ಮಾತ್ರ ಹಳೇ ಚಿಕ್ಕ ಬ್ಲಾಕನ್ನು ಸ್ವೀಕರಿಸುತ್ತಲೇ ಇರುತ್ತದೆ. ಹಳೇ ಕವಲು ಕೆಲಸದಲ್ಲಿ ಮುಂದೆ ಹೋದರೆ ಹೊಸ ನೋಡ್‌ಗಳೆಲ್ಲ ಅದಕ್ಕೇ ಜಿಗಿದು ಹೊಸ ಕವಲು ಅಳಿಸಿಹೋಗುತ್ತದೆ. ಇದನ್ನು ತಡೆಯಲು ಬಿಟ್‌ಕಾಯಿನ್ ಕ್ಯಾಶ್ ತನ್ನ ಮೊದಲ ಬ್ಲಾಕ್, ಅಂದರೆ 4,78,559, 10 ಲಕ್ಷ ಬೈಟ್‌ಗಿಂತ ದೊಡ್ಡದಾಗಿರಲೇಬೇಕು ಎಂಬ ನಿಯಮ ಇಟ್ಟಿತು. ನನ್ನ ದೃಷ್ಟಿಯಲ್ಲಿ ಚೈನ್ ಬೇರೆಯಾಯಿತು ಎನ್ನಲು ಆ ಒಂದು ನಿಯಮ ಸಾಕು. ಹೆಸರು, ಬೆಲೆ, ಲೋಗೊ ಎಲ್ಲ ಆಮೇಲಿನವು.

ಪಹಣಿ ಪುಟ:

ನನಗೆ ಇದು ಜಮೀನಿನ ಪೋಡಿ ಹಾಗೆ ಕಾಣುತ್ತದೆ. ಸರ್ವೆ ನಂಬರ್ 40 ಎರಡು ಭಾಗವಾಗಿ 40/1, 40/2 ಆಗುತ್ತದೆ. ಹಿಂದಿನ ದಾಖಲೆ ಇಬ್ಬರಿಗೂ ಸೇರಿದ್ದು, ಮುಂದಿನದು ಅವರವರದ್ದು. ಯಾರೂ 40/2ನ್ನು ಹೊಸ ಭೂಮಿ ಎನ್ನುವುದಿಲ್ಲ.

ಹಳೇ ಬ್ಲಾಕ್:

ಹೋಲಿಕೆ ಅರ್ಧದವರೆಗೆ ಬರುತ್ತದೆ. ಪೋಡಿಯಲ್ಲಿ 4 ಎಕರೆ 2 ಮತ್ತು 2 ಆಗುತ್ತದೆ. ಫೋರ್ಕ್‌ನಲ್ಲಿ 4 ಎಕರೆ ಎರಡೂ ಪುಸ್ತಕದಲ್ಲಿ 4 ಎಕರೆಯಾಗಿಯೇ ಉಳಿಯುತ್ತದೆ. ಒಂದೇ ಊರಿನ ಖಾತೆ ಪುಸ್ತಕವನ್ನು ಯಥಾವತ್ತು ನಕಲು ಮಾಡಿಕೊಂಡು ಇಬ್ಬರು ಶಾನುಭೋಗರು ಬೇರೆ ಬೇರೆ ಚಾವಡಿಯಲ್ಲಿ ಕೂತ ಹಾಗೆ. ಅಷ್ಟೇ ಅಲ್ಲ, ನೀವು ಒಂದು ಚಾವಡಿಗೆ ಕೊಟ್ಟ ಸಹಿ ಮಾಡಿದ ಕಾಗದವನ್ನು ಯಾರಾದರೂ ಇನ್ನೊಂದು ಚಾವಡಿಗೂ ಒಯ್ದು ಕೊಟ್ಟರೆ ಅಲ್ಲಿಯೂ ನಡೆಯುತ್ತದೆ. ರಿಪ್ಲೇ ಎನ್ನುವುದು ಇದನ್ನೇ.

ನೋಡ್ ಕಾವಲು:

ರಿಪ್ಲೇ ವಿಷಯ ಬಂದದ್ದು ಒಳ್ಳೆಯದಾಯಿತು. ಎರಡು ಚೈನ್ ಎಂದು ನಾವು ಹೇಳುವುದಕ್ಕೂ ಸಾಫ್ಟ್‌ವೇರ್‌ಗೆ ಅದು ಗೊತ್ತಿರುವುದಕ್ಕೂ ನಡುವೆ ಎಷ್ಟು ಅಂತರವಿತ್ತು ಎನ್ನುವುದು ಅಲ್ಲೇ ಕಾಣುತ್ತದೆ.

2016ರ ಜುಲೈನಲ್ಲಿ ಇಥೀರಿಯಂಗೂ ಕ್ಲಾಸಿಕ್‌ಗೂ ಜೆನೆಸಿಸ್ ಹ್ಯಾಶ್ ಒಂದೇ, ನೆಟ್‌ವರ್ಕ್ ಐಡಿಯೂ 1. ಕೈಕುಲುಕುವ ಹಂತದಲ್ಲಿ ಒಂದು ನೋಡ್ ಇನ್ನೊಂದನ್ನು ಗುರುತಿಸುವುದು ಹೇಗೆ? ಗೆಥ್ (ಇಥೀರಿಯಂ ನೋಡ್ ನಡೆಸುವ ಸಾಫ್ಟ್‌ವೇರ್) ಮಾಡಿದ್ದು ಹೀಗೆ: ಸಂಪರ್ಕವಾದ ಕೂಡಲೇ ಎದುರಿನ ನೋಡ್‌ಗೆ 19,20,000ನೇ ಬ್ಲಾಕ್‌ನ ಹೆಡರ್ ಕೊಡು ಎಂದು ಕೇಳುತ್ತದೆ. 15 ಸೆಕೆಂಡ್ ಕಾಯುತ್ತದೆ. ಫೋರ್ಕ್ ಒಪ್ಪಿದ ಕಡೆ ಆ ಬ್ಲಾಕ್‌ನಿಂದ ಸತತ 10 ಬ್ಲಾಕ್‌ಗಳ ಎಕ್ಸ್‌ಟ್ರಾ ಡೇಟಾದಲ್ಲಿ ‘ಡಾವೋ-ಹಾರ್ಡ್-ಫೋರ್ಕ್’ ಎಂಬ 13 ಬೈಟ್‌ನ ಪದ ಇರಲೇಬೇಕಿತ್ತು, ವಿರೋಧಿಸಿದ ಕಡೆ ಇರಲೇಬಾರದಿತ್ತು. ಹೊಂದದಿದ್ದರೆ ಸಂಪರ್ಕ ಕಡಿಯುತ್ತದೆ. ಎರಡು ಚೈನ್‌ಗಳ ನಡುವಿನ ಗೋಡೆ ಎಂದರೆ ಆಗ ಅಷ್ಟೇ. ಆಮೇಲೆ ಬಂದ ಇಐಪಿ-2124 (ಇಐಪಿ ಎಂದರೆ ಇಥೀರಿಯಂ ಸುಧಾರಣೆಯ ಪ್ರಸ್ತಾವ) ಇದನ್ನು ಎಲ್ಲ ಫೋರ್ಕ್‌ಗೂ ಅನ್ವಯವಾಗುವಂತೆ ಮಾಡಿತು. ಜೆನೆಸಿಸ್ ಹ್ಯಾಶ್ ಮತ್ತು ಇದುವರೆಗೆ ದಾಟಿದ ಫೋರ್ಕ್ ಬ್ಲಾಕ್ ಸಂಖ್ಯೆಗಳನ್ನು ಸೇರಿಸಿ 4 ಬೈಟ್‌ನ ಚೆಕ್‌ಸಮ್ ತೆಗೆದು, ಮುಂದಿನ ಫೋರ್ಕ್‌ನ ಸಂಖ್ಯೆಯೊಂದಿಗೆ ಕಳಿಸುತ್ತಾರೆ.

ಸಹಿಯ ಕಥೆ ಇನ್ನೂ ತಡವಾಗಿ ಸರಿಹೋಯಿತು. ಹಳೇ ವ್ಯವಹಾರದ ಸಹಿಯಲ್ಲಿ ವಿ ಎಂಬ ಅಂಕಿ 27 ಅಥವಾ 28. ಅದರಲ್ಲಿ ಚೈನ್‌ನ ಗುರುತಿಲ್ಲ. ಕಳಿಸುವವರ ನಾನ್ಸ್ (ಖಾತೆಯಿಂದ ಹೊರಟ ವ್ಯವಹಾರಗಳ ಎಣಿಕೆ) ಎರಡೂ ಕಡೆ ಒಂದೇ ಇದ್ದು ಹಣವೂ ಇದ್ದರೆ ಒಂದು ಕಡೆ ಕಳಿಸಿದ್ದು ಇನ್ನೊಂದು ಕಡೆಯೂ ನಡೆದುಬಿಡುತ್ತದೆ. ಇಐಪಿ-155 ಬಂದದ್ದು 2016ರ ನವೆಂಬರ್‌ನಲ್ಲಿ, 26,75,000ನೇ ಬ್ಲಾಕ್‌ನಲ್ಲಿ. ಅಲ್ಲಿಂದ ವಿ ಎಂದರೆ ಚೈನ್ ಐಡಿಯನ್ನು (ಚೈನ್‌ಗೆ ಕೊಟ್ಟ ಗುರುತಿನ ಸಂಖ್ಯೆ) 2ರಿಂದ ಗುಣಿಸಿ 35 ಅಥವಾ 36 ಕೂಡಿಸಿದ ಸಂಖ್ಯೆ: ಇಥೀರಿಯಂಗೆ (ಐಡಿ 1) 37 ಅಥವಾ 38, ಕ್ಲಾಸಿಕ್‌ಗೆ (ಐಡಿ 61) 157 ಅಥವಾ 158. ಆದರೆ ಕ್ಲಾಸಿಕ್ ಇದನ್ನು ಅಳವಡಿಸಿಕೊಂಡದ್ದು 30,00,000ನೇ ಬ್ಲಾಕ್‌ನಲ್ಲಿ, 2017ರ ಜನವರಿಯಲ್ಲಿ. ನಡುವಿನ ಸುಮಾರು ಎರಡು ತಿಂಗಳು ರಕ್ಷಣೆ ಒಂದೇ ದಿಕ್ಕಿನದು. ಇಥೀರಿಯಂನ ಹೊಸ ಬಗೆಯ ವ್ಯವಹಾರ ಕ್ಲಾಸಿಕ್‌ನಲ್ಲಿ ನಡೆಯುತ್ತಿರಲಿಲ್ಲ, ಕ್ಲಾಸಿಕ್‌ನಲ್ಲಿ ಕಳಿಸಿದ್ದು ಮಾತ್ರ ಇಥೀರಿಯಂನಲ್ಲಿ ನಡೆಯುತ್ತಿತ್ತು.

27 ಮತ್ತು 28 ಪ್ರೋಟೊಕಾಲ್‌ನಲ್ಲಿ ಇನ್ನೂ ಮಾನ್ಯ. ಗೆಥ್ 1.10ರಿಂದ ಆರ್‌ಪಿಸಿ (ಹೊರಗಿನ ಪ್ರೋಗ್ರಾಂಗಳು ನೋಡ್ ಜೊತೆ ಮಾತಾಡುವ ದಾರಿ) ಮೂಲಕ ಬಂದರೆ ನಿರಾಕರಿಸುತ್ತದೆ, ಬೇಕೆಂದೇ ತೆರೆದರೆ ಮಾತ್ರ ಸ್ವೀಕರಿಸುತ್ತದೆ. ಹಳೇ ಸ್ಕ್ರಿಪ್ಟ್ ಇಟ್ಟುಕೊಂಡು ಸಹಿ ಹಾಕುವವರು ವಿ ಎಷ್ಟು ಬರುತ್ತಿದೆ ಎಂದು ಒಮ್ಮೆ ಪ್ರಿಂಟ್ ಮಾಡಿ ನೋಡಿ.

ಮೂರನೇ ಕೊಂಡಿ:

ಐಡಿ ಬರುವ ಮೊದಲು ಜನ ಬಳಸಿದ ಉಪಾಯ ನನಗೆ ಈಗಲೂ ಬಲು ಇಷ್ಟ. ನಾನು ಯಾವ ಚೈನ್‌ನಲ್ಲಿದ್ದೇನೆ ಎಂದು ಕಾಂಟ್ರಾಕ್ಟ್ ಹೇಗೆ ತಿಳಿಯಬೇಕು? ಫೋರ್ಕ್‌ನಲ್ಲಿ ವರ್ಗವಾದ ಡಾವೋ ಈಥರ್ ಎಲ್ಲಿದೆ ಎಂದು ನೋಡಬೇಕು. ಹಿಂಪಡೆಯುವ ಕಾಂಟ್ರಾಕ್ಟ್‌ನಲ್ಲಿದ್ದರೆ ಫೋರ್ಕ್ ಆದ ಕಡೆ, ಇಲ್ಲದಿದ್ದರೆ ಕ್ಲಾಸಿಕ್. ಎರಡು ಚೈನ್‌ಗಳ ನಡುವಿನ ಆಗಿನ ಏಕೈಕ ವ್ಯತ್ಯಾಸವನ್ನೇ ಗುರುತಿನ ಚೀಟಿ ಮಾಡಿಕೊಂಡರು. ಆ ಪರೀಕ್ಷೆಯ ಮೇಲೆ ಕಟ್ಟಿದ ಕಾಂಟ್ರಾಕ್ಟ್‌ಗಳು ಒಂದೇ ವ್ಯವಹಾರವನ್ನು ಒಂದು ಚೈನ್‌ನಲ್ಲಿ ಒಂದು ವಿಳಾಸಕ್ಕೂ ಇನ್ನೊಂದರಲ್ಲಿ ಬೇರೆ ವಿಳಾಸಕ್ಕೂ ಕಳಿಸಿ ಹಣ ಬೇರ್ಪಡಿಸುತ್ತಿದ್ದವು. ರಿಪ್ಲೇ ಆದರೂ ತೊಂದರೆಯಿಲ್ಲ, ಆದರೇನೇ ಕೆಲಸ ಪೂರ್ತಿ.

ವ್ಯಾಲಿಡೇಟರ್ ಉತ್ತರ:

ಸರಪಳಿ ಓದುಗ ಅವರೇ, ನಿಮ್ಮ ನಿಲುವಿಗೆ ಒಂದು ಗಟ್ಟಿ ಅಡ್ಡಿ ಇದೆ: ಕಾಸ್ಮೊಸ್ ಹಬ್ ಎಂಬ ಚೈನ್.

2021ರ ಫೆಬ್ರವರಿ 18ರಂದು ಕಾಸ್ಮೊಸ್‌ಹಬ್-3 ನಿಂತಿತು. ಅದರ ಸ್ಥಿತಿಯನ್ನು ಒಂದು ಫೈಲ್‌ಗೆ ತೆಗೆದು, ಹೊಸ ಜೆನೆಸಿಸ್ ಮಾಡಿ, ಕಾಸ್ಮೊಸ್‌ಹಬ್-4 ಎಂಬ ಹೊಸ ಚೈನ್ ಐಡಿಯೊಂದಿಗೆ 52,00,791ನೇ ಎತ್ತರದಿಂದ (ಎತ್ತರ ಎಂದರೆ ಬ್ಲಾಕ್ ಸಂಖ್ಯೆ) ಶುರುಮಾಡಿದರು. ಹೊಸ ಜೆನೆಸಿಸ್, ಹೊಸ ಐಡಿ. ಹಳೇ ಬ್ಲಾಕ್‌ಗಳಿಗೆ ಹ್ಯಾಶ್‌ನ ಕೊಂಡಿಯೂ ಇಲ್ಲ, ಹೊಸ ನೋಡ್‌ನಲ್ಲಿ ಹಳೇ ಬ್ಲಾಕ್ ಕೇಳಿದರೆ ಸಿಗುವುದೂ ಇಲ್ಲ. ಸರಪಳಿ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಇದು ಲೈಟ್‌ಕಾಯಿನ್‌ನಷ್ಟೇ ಹೊಸದು. ಆದರೂ ಅದನ್ನು ಹೊಸ ಚೈನ್ ಎಂದವರಿಲ್ಲ. ಅದೇ ಆಟಮ್ ನಾಣ್ಯ, ಅದೇ ವ್ಯಾಲಿಡೇಟರ್‌ಗಳು (ಗಣಿಗಾರರ ಬದಲು, ನಾಣ್ಯ ಪಣವಿಟ್ಟು ಬ್ಲಾಕ್‌ಗೆ ಸಹಿ ಹಾಕುವವರು), ಹಬ್-3 ಕಡೆ ಯಾರೂ ಉಳಿಯಲಿಲ್ಲ. ಹೊಸ ಜೆನೆಸಿಸ್ ಎತ್ತರ 1ರಿಂದಲ್ಲ, ಹಿಂದಿನದು ನಿಂತ ಮುಂದಿನ ಸಂಖ್ಯೆಯಿಂದ ಶುರುವಾದದ್ದೇ ಮುಂದುವರಿಕೆಯ ಘೋಷಣೆ.

ಟೆರಾ ಎಂಬ ಚೈನ್‌ನದ್ದು ಇದರ ಎದುರು ಮುಖ. 2022ರ ಮೇ 28ರಂದು ಫೀನಿಕ್ಸ್-1 ಹೊಸ ಜೆನೆಸಿಸ್‌ನಿಂದ ಶುರುವಾಯಿತು. ಹಳೆಯ ಹಿಡುವಳಿಯ ಸ್ನ್ಯಾಪ್‌ಶಾಟ್ ನೋಡಿ ಹೊಸ ನಾಣ್ಯ ಹಂಚಿದರು, ಕಾಂಟ್ರಾಕ್ಟ್‌ಗಳು ಬರಲಿಲ್ಲ, ಡಾಲರ್ ಬೆಲೆಗೆ ಕಟ್ಟಿದ್ದ ಯುಎಸ್‌ಟಿ ನಾಣ್ಯ ಬರಲಿಲ್ಲ. ಹಳೇ ಕೊಲಂಬಸ್-5 ಟೆರಾ ಕ್ಲಾಸಿಕ್ ಎಂಬ ಹೆಸರಲ್ಲಿ ನಡೆಯುತ್ತಲೇ ಇತ್ತು. ಪತ್ರಿಕೆಗಳು ಇದನ್ನೂ ಫೋರ್ಕ್ ಎಂದು ಬರೆದವು. ನನ್ನ ಪ್ರಕಾರ ಇದು ಫೋರ್ಕೇ ಅಲ್ಲ, ಹಳೇ ಹೆಸರು ತೊಟ್ಟ ಹೊಸ ಚೈನ್.

ಇಂಥ ಜೆನೆಸಿಸ್ ಅಪ್‌ಗ್ರೇಡ್‌ನಲ್ಲಿ ಕೈ ಸುಡುವ ಜಾಗ ಒಂದಿದೆ. ನೋಡ್ ಡೇಟಾ ಅಳಿಸುವ ರೀಸೆಟ್ ಕಮಾಂಡ್, ಯಾವ ಎತ್ತರದವರೆಗೆ ಸಹಿ ಹಾಕಿದ್ದೇನೆ ಎಂಬ ಫೈಲನ್ನೂ ಸೊನ್ನೆಗೆ ತರುತ್ತದೆ. ಬ್ಯಾಕಪ್ ಯಂತ್ರದಲ್ಲೂ ಅದೇ ಕೀ ಇಟ್ಟು ಎರಡನ್ನೂ ಏಳಿಸಿದರೆ ಒಂದೇ ಎತ್ತರಕ್ಕೆ ಎರಡು ಸಹಿ ಬೀಳುತ್ತದೆ. ಹಬ್‌ನಲ್ಲಿ ಅದಕ್ಕೆ ಪಣವಿಟ್ಟ ನಾಣ್ಯದ ಶೇ. 5 ದಂಡ, ಜೊತೆಗೆ ಆ ವ್ಯಾಲಿಡೇಟರ್‌ಗೆ ಮರಳಿ ಬರುವ ದಾರಿಯೇ ಇಲ್ಲ. ಹಳೇ ಯಂತ್ರದ ಕೀ ಫೈಲ್ ತೆಗೆದ ಮೇಲೆಯೇ ಹೊಸದನ್ನು ಶುರುಮಾಡಿ.

ಸರಪಳಿ ಓದುಗ:

ವ್ಯಾಲಿಡೇಟರ್ ಉತ್ತರ ಅವರೇ, ಈ ಅಡ್ಡಿಯನ್ನು ಒಪ್ಪುತ್ತೇನೆ. ಜೆನೆಸಿಸ್ ಹ್ಯಾಶ್ ಒಂದೇ ಇದ್ದರೆ ಒಂದೇ ಚೈನ್ ಎನ್ನಲಾಗದು (ಕ್ಲಾಸಿಕ್ ನೋಡಿ), ಬೇರೆಯಿದ್ದರೆ ಬೇರೆ ಚೈನ್ ಎನ್ನಲೂ ಆಗದು (ಹಬ್ ನೋಡಿ). ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ: ಒಂದು ಸ್ಥಿತಿಯಿಂದ ಎಷ್ಟು ವಾರಸುದಾರರು ಹೊರಟರು ಎಂದು ಎಣಿಸಬೇಕು. ಒಬ್ಬನೇ ಆದರೆ ಅದು ಅಪ್‌ಗ್ರೇಡ್, ಜೆನೆಸಿಸ್ ಬದಲಾದರೂ ಸರಿ. 2021ರ ಆಗಸ್ಟ್ 5ರ ಲಂಡನ್ ಹಾರ್ಡ್ ಫೋರ್ಕ್ ಹಾಗೆಯೇ, ಹಳೇ ನೋಡ್‌ಗಳು 1,29,65,000ನೇ ಬ್ಲಾಕ್‌ಗೆ ನಿಂತುಬಿಟ್ಟವು, ಅಲ್ಲಿ ಬೇರೆ ಚೈನ್ ಬೆಳೆಯಲಿಲ್ಲ. ಇಬ್ಬರಾದರೆ ಎರಡು ಚೈನ್, ಇಬ್ಬರೂ ವಾರಸುದಾರರೇ. ಟೆರಾದಲ್ಲಿ ಫೀನಿಕ್ಸ್ ಸ್ಥಿತಿಯನ್ನೇ ಒಯ್ಯಲಿಲ್ಲ, ಹಂಚಿಕೆಯ ಪಟ್ಟಿಯನ್ನಷ್ಟೇ ಒಯ್ಯಿತು. ಆದ್ದರಿಂದ ಎಣಿಕೆಗೆ ಬರುವುದಿಲ್ಲ.

ಸಾಲಿಡಿಟಿ ಶಾಲ್ಮಲಾ:

ವಾರಸುದಾರ ಎಂಬ ಪದ ಚೆನ್ನಾಗಿದೆ, ಆದರೆ ಎಲ್ಲ ಆಸ್ತಿಯೂ ಇಬ್ಬರಿಗೂ ಹೋಗುವುದಿಲ್ಲ. ಚೈನ್‌ನ ಒಳಗೇ ಇರುವುದು ಮಾತ್ರ ಹೋಗುತ್ತದೆ.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮರ್ಜ್ ಆಯಿತು, ಅಂದರೆ ಗಣಿಗಾರಿಕೆ ಬಿಟ್ಟು ಸ್ಟೇಕಿಂಗ್‌ಗೆ (ನಾಣ್ಯ ಪಣವಿಡುವ ವಿಧಾನ) ಬದಲಾಯಿತು. ಗಣಿಗಾರಿಕೆಯ ಕೊನೆಯ ಬ್ಲಾಕ್ 1,55,37,393. ಗಣಿಗಾರಿಕೆ ಬಿಡದವರು ಅದೇ ಸ್ಥಿತಿಯಿಂದ ಇಟಿಎಚ್‌ಡಬ್ಲ್ಯು ಎಂದು ಮುಂದುವರಿಸಿದರು, ಚೈನ್ ಐಡಿ 10001. ಪ್ರತಿ ಖಾತೆಯಲ್ಲಿದ್ದ ಯುಎಸ್‌ಡಿಸಿ, ಟೆದರ್ (ಡಾಲರ್ ಬೆಲೆಯ ಟೋಕನ್‌ಗಳು) ಅಲ್ಲಿಯೂ ಅಷ್ಟೇ ಅಂಕಿ ತೋರಿಸುತ್ತಿತ್ತು. ಆದರೆ ಡಾಲರ್ ಇರುವುದು ಬ್ಯಾಂಕ್‌ನಲ್ಲಿ, ಅದಕ್ಕೆ ಫೋರ್ಕ್ ಆಗಲು ಬರುವುದಿಲ್ಲ. ಅವನ್ನು ಹೊರಡಿಸುವ ಸರ್ಕಲ್ ಮತ್ತು ಟೆದರ್ ಕಂಪನಿಗಳು ಎರಡೂ ಸ್ಟೇಕಿಂಗ್ ಕಡೆಯನ್ನು ಮಾತ್ರ ಮನ್ನಿಸುತ್ತೇವೆ ಎಂದು ಆಗಸ್ಟ್‌ನಲ್ಲೇ ಹೇಳಿದ್ದವು. ಹಾಗಾಗಿ ಇಟಿಎಚ್‌ಡಬ್ಲ್ಯು ಕಡೆಯ ವಿನಿಮಯ ಪೂಲ್‌ಗಳಲ್ಲಿ (ಅದಲುಬದಲಿಗೆಂದು ಜನ ಕೂಡಿಟ್ಟ ನಾಣ್ಯ-ಟೋಕನ್ ನಿಧಿ) ಯಾರಾದರೂ ಬೆಲೆಯಿಲ್ಲದ ಟೋಕನ್ ಸುರಿದು ನಾಣ್ಯ ಎತ್ತಿಕೊಳ್ಳಬಹುದಿತ್ತು. ಪೂಲ್‌ಗೆ ಹಣ ಹಾಕಿದ್ದವರ ಪಾಲಿಗೆ ಉಳಿಯುವುದು ಆ ಟೋಕನ್ ಮಾತ್ರ. ಫೋರ್ಕ್‌ಗೆ ಮುಂಚೆ ಪೂಲ್‌ನಿಂದ ಈಥರ್ ಹೊರತೆಗೆದು ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಕಾಂಟ್ರಾಕ್ಟ್ ಬರೆಯುವವರಿಗೆ ಪಾಠ ಇನ್ನೊಂದು ಕಡೆ ಇದೆ. ಅಲ್ಲಿ ಐಡಿ ಬೇರೆ ಇದ್ದುದರಿಂದ ಸಾಮಾನ್ಯ ವ್ಯವಹಾರ ರಿಪ್ಲೇ ಆಗುತ್ತಿರಲಿಲ್ಲ. ಆದರೂ ಆಮ್ನಿ ಬ್ರಿಡ್ಜ್‌ನಲ್ಲಿ (ಒಂದು ಚೈನ್‌ನಿಂದ ಇನ್ನೊಂದಕ್ಕೆ ಹಣ ದಾಟಿಸುವ ಸೇತುವೆ) ಆಯಿತು. ಗ್ನೋಸಿಸ್ ಚೈನ್‌ನಿಂದ 200 ವೆಥ್ (ಟೋಕನ್ ರೂಪದ ಈಥರ್) ಇಥೀರಿಯಂಗೆ ಕಳಿಸಿ, ಅದೇ ಸಂದೇಶವನ್ನು ಇಟಿಎಚ್‌ಡಬ್ಲ್ಯು ಕಡೆಯ ಬ್ರಿಡ್ಜ್‌ಗೂ ಕೊಟ್ಟು ಅಲ್ಲಿಂದ 200 ನಾಣ್ಯ ಎತ್ತಿದರು. ಕಾರಣ: ಬ್ರಿಡ್ಜ್ ಚೈನ್ ಐಡಿ ಹೋಲಿಸುತ್ತಿತ್ತು, ಆದರೆ ಹೋಲಿಸಿದ್ದು ಹಿಂದೆ ಸ್ಟೋರೇಜ್‌ನಲ್ಲಿ ಬರೆದಿಟ್ಟ 1ರ ಜೊತೆ. ಫೋರ್ಕ್‌ನಲ್ಲಿ ಸ್ಟೋರೇಜ್ ಕೂಡ ನಕಲಾಗುತ್ತದೆ! 10001ರಲ್ಲಿ ಕೂತ ಕಾಂಟ್ರಾಕ್ಟ್ ತಾನಿನ್ನೂ 1ರಲ್ಲಿದ್ದೇನೆ ಎಂದೇ ನಂಬಿತ್ತು.

2019ರ ಡಿಸೆಂಬರ್‌ನ ಇಸ್ತಾಂಬುಲ್ ಫೋರ್ಕ್‌ನಿಂದ ಚೈನ್ ಐಡಿ ಓದುವ ಆಪ್‌ಕೋಡ್ (ಕಾಂಟ್ರಾಕ್ಟ್ ಬಳಸುವ ಮೂಲ ಆದೇಶ) ಇದೆ, ಬಳಸಿ. ಇಐಪಿ-712 ಡೊಮೇನ್ ಸೆಪರೇಟರನ್ನು (ಸಹಿಯನ್ನು ಒಂದು ಚೈನ್, ಒಂದು ಕಾಂಟ್ರಾಕ್ಟ್‌ಗೆ ಕಟ್ಟಿಹಾಕುವ ಮೌಲ್ಯ) ಕನ್‌ಸ್ಟ್ರಕ್ಟರ್‌ನಲ್ಲಿ ಒಮ್ಮೆ ಲೆಕ್ಕ ಹಾಕಿ ಇಟ್ಟುಬಿಡುವ ಹಳೇ ಕೋಡ್ ಇದ್ದರೆ ಅದೂ ಇದೇ ರೋಗ. ಗ್ಯಾಸ್ (ವ್ಯವಹಾರದ ಶುಲ್ಕ) ಉಳಿಸಲು ಇಟ್ಟುಕೊಂಡರೂ, ಈಗಿನ ಐಡಿ ಇಟ್ಟುಕೊಂಡದ್ದಕ್ಕೆ ಹೊಂದದಿದ್ದರೆ ಮತ್ತೆ ಲೆಕ್ಕ ಹಾಕುವ ಸಾಲು ಇರಲಿ. ಓಪನ್‌ಜೆಪ್ಪೆಲಿನ್ ಎಂಬ ಸಿದ್ಧ ಕೋಡ್ ಸಂಗ್ರಹ ಮಾಡುವುದು ಹಾಗೆಯೇ.

ಬೀಜಪದ:

ಬಿಟ್‌ಕಾಯಿನ್ ಕಡೆ 2017ರ ಹಳೇ ವಾಲೆಟ್‌ನಿಂದ ಬಿಟ್‌ಕಾಯಿನ್ ಕ್ಯಾಶ್ ಇನ್ನೂ ಬೇರ್ಪಡಿಸದವರಿಗೆ ಕ್ರಮ ಹೇಳುತ್ತೇನೆ. ಮೊದಲು ಬಿಟ್‌ಕಾಯಿನನ್ನು ಹೊಸ ಬೀಜಪದಗಳ (ಕೀಗಳನ್ನು ಮರಳಿ ಕೊಡುವ ಗುಪ್ತ ಪದಗಳ ಸಾಲು) ವಾಲೆಟ್‌ಗೆ ಸಾಗಿಸಿ, 6 ದೃಢೀಕರಣ ಆಗಲಿ. ಆಮೇಲಷ್ಟೇ ಹಳೇ ಬೀಜಪದಗಳನ್ನು ಬೇರೆ ಯಂತ್ರದಲ್ಲಿ ಎಲೆಕ್ಟ್ರಾನ್ ಕ್ಯಾಶ್ ಎಂಬ ಬಿಟ್‌ಕಾಯಿನ್ ಕ್ಯಾಶ್ ವಾಲೆಟ್‌ಗೆ ಹಾಕಿ. ಈ ಕ್ರಮ ತಲೆಕೆಳಗಾದರೆ, ನಕಲಿ ವಾಲೆಟ್ ಇಳಿಸಿಕೊಂಡವರ ಬಿಟ್‌ಕಾಯಿನ್ ಕೂಡ ಹೋಗುತ್ತದೆ.

ವಾಲೆಟ್ ಖಾಲಿ ತೋರಿಸಿದರೆ ಗಾಬರಿ ಬೇಡ. ಬಿಟ್‌ಕಾಯಿನ್ ಕ್ಯಾಶ್‌ನ ಡಿರೈವೇಷನ್ ಪಾಥ್‌ನಲ್ಲಿ (ಬೀಜಪದದಿಂದ ಕೀ ಪಡೆಯುವ ದಾರಿ) ನಾಣ್ಯದ ಸಂಖ್ಯೆ 145, ವಾಲೆಟ್ ಅಲ್ಲೇ ಹುಡುಕುತ್ತದೆ. ಫೋರ್ಕ್‌ಗೆ ಹಿಂದಿನ ನಾಣ್ಯ ಬಿಟ್‌ಕಾಯಿನ್‌ನ ಪಾಥ್‌ನಲ್ಲಿ, ಅಂದರೆ 0ಯಲ್ಲಿ ಇರುತ್ತದೆ. ಅಂಕಿ ಬದಲಿಸಿ ಮತ್ತೆ ತೆರೆಯಿರಿ. ಸೆಗ್‌ವಿಟ್ (ಬಿಟ್‌ಕಾಯಿನ್‌ನ ಹೊಸ ಬಗೆಯ ವ್ಯವಹಾರ) ಜಾರಿಯಾದದ್ದು 2017ರ ಆಗಸ್ಟ್ 24, ಫೋರ್ಕ್ ಆದ ಮೇಲೆ. ಹಾಗಾಗಿ ಸೆಗ್‌ವಿಟ್ ಪಾಥ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇವೆರಡರ ನಡುವೆ ರಿಪ್ಲೇ ಭಯವಿಲ್ಲ. ಕ್ಯಾಶ್‌ನ ಸಹಿಯಲ್ಲಿ ಹ್ಯಾಶ್ ಟೈಪ್ ಎಂಬ ಅಂಕಿಗೆ 64 ಕೂಡಿಸುತ್ತಾರೆ, ಸಾಮಾನ್ಯವಾಗಿ 1 ಇರುವಲ್ಲಿ 65. ಆದರೆ 2018ರ ನವೆಂಬರ್ 15ರಂದು ಕ್ಯಾಶ್‌ನಿಂದ ಬೇರೆಯಾದ ಬಿಟ್‌ಕಾಯಿನ್ ಎಸ್‌ವಿ ಅದೇ 65 ಇಟ್ಟುಕೊಂಡಿತು. ಅಲ್ಲಿ ಬೇರ್ಪಡಿಸಲು, ಒಂದು ಚೈನ್‌ನಲ್ಲಿ ಮಾತ್ರ ಇರುವ ಚೂರು ನಾಣ್ಯವನ್ನು ನಿಮ್ಮ ನಾಣ್ಯದ ಜೊತೆ ಒಂದೇ ವ್ಯವಹಾರದಲ್ಲಿ ಇನ್‌ಪುಟ್ ಆಗಿ ಸೇರಿಸಿ ನಿಮ್ಮದೇ ವಿಳಾಸಕ್ಕೆ ಕಳಿಸಿಕೊಳ್ಳಬೇಕು. ಆ ಇನ್‌ಪುಟ್ ಇನ್ನೊಂದು ಕಡೆ ಇಲ್ಲದ್ದರಿಂದ ವ್ಯವಹಾರ ಅಲ್ಲಿ ನಡೆಯುವುದಿಲ್ಲ.

ಮೂರನೇ ಕೊಂಡಿ:

ಕಳಿಸುವವರ ಗುರುತು ಮರೆಮಾಚುವ ಮೊನೆರೊ ನಾಣ್ಯ ಇದ್ದವರು ಮಾತ್ರ ಫೋರ್ಕ್ ನಾಣ್ಯದ ಆಸೆಗೆ ಹೋಗಬೇಡಿ. ಒಂದೇ ಔಟ್‌ಪುಟನ್ನು (ನಿಮಗೆ ಬಂದ ನಾಣ್ಯದ ತುಂಡು) ಎರಡೂ ಚೈನ್‌ನಲ್ಲಿ ಖರ್ಚು ಮಾಡಿದರೆ ಕೀ ಇಮೇಜ್ (ಎರಡು ಬಾರಿ ಖರ್ಚಾಗದಂತೆ ಹಾಕುವ ಗುರುತು) ಎರಡೂ ಕಡೆ ಒಂದೇ ಬರುತ್ತದೆ. ಸುತ್ತ ಇಟ್ಟ ಮರೆಮಾಚುವ ಔಟ್‌ಪುಟ್‌ಗಳು ಬೇರೆ ಬೇರೆ. ಎರಡೂ ಪಟ್ಟಿಯಲ್ಲಿ ಸಮಾನವಾಗಿ ಸಿಗುವ ಒಂದೇ ಒಂದು ಔಟ್‌ಪುಟ್ ನಿಮ್ಮದು ಎಂದು ಯಾರು ಬೇಕಾದರೂ ಹೇಳಬಹುದು. ನಿಮ್ಮದಷ್ಟೇ ಅಲ್ಲ, ನಿಮ್ಮ ಔಟ್‌ಪುಟನ್ನು ಮರೆಗೆ ಬಳಸಿದ ಇತರರ ಗೌಪ್ಯತೆಯೂ ಸಡಿಲವಾಗುತ್ತದೆ.

ಪಹಣಿ ಪುಟ:

ಕೊನೆಗೆ ಒಂದು ಕೆಲಸದ ಪ್ರಶ್ನೆ. ಚೈನ್‌ಗಳ ಡೇಟಾಬೇಸ್ ಮಾಡುವಾಗ ‘ಆರಂಭದ ದಿನಾಂಕ’ ಎಂಬ ಕಾಲಂನಲ್ಲಿ ಕ್ಲಾಸಿಕ್‌ಗೆ ಏನು ತುಂಬಬೇಕು?

ನೋಡ್ ಕಾವಲು:

ಆ ಕಾಲಂ ಒಂದೇ ಇದ್ದರೆ ಏನು ತುಂಬಿದರೂ ತಪ್ಪೇ. ಜೆನೆಸಿಸ್ ಹ್ಯಾಶ್‌ಗೆ ಒಂದು ಕಾಲಂ, ಕವಲೊಡೆದ ಮೊದಲ ಬ್ಲಾಕ್‌ನ ಸಂಖ್ಯೆಗೆ ಒಂದು, ಆ ಬ್ಲಾಕ್‌ನ ಹ್ಯಾಶ್‌ಗೆ ಒಂದು, ಚೈನ್ ಐಡಿಗೆ ಒಂದು, ಆ ಐಡಿ ಯಾವ ಬ್ಲಾಕ್‌ನಿಂದ ಜಾರಿ ಎನ್ನುವುದಕ್ಕೆ ಇನ್ನೊಂದು. ಇಥೀರಿಯಂ ಸಾಲಿನಲ್ಲೂ 19,20,000 ಮತ್ತು 4985 ಎಂದು ಶುರುವಾಗುವ ಹ್ಯಾಶ್ ಬರೆಯಿರಿ, ಕ್ಲಾಸಿಕ್‌ಗೆ ಮಾತ್ರ ಬರೆದು ಇಥೀರಿಯಂನದ್ದನ್ನು ಖಾಲಿ ಬಿಡಬೇಡಿ. ಮೂಲ ಚೈನ್ ಎಂಬ ಕಾಲಂ ಇಟ್ಟಿದ್ದರೆ ತೆಗೆದುಬಿಡಿ.

ಪಹಣಿ ಪುಟ:

ಹಬ್-4ಕ್ಕೆ?

ವ್ಯಾಲಿಡೇಟರ್ ಉತ್ತರ:

ಜೆನೆಸಿಸ್ ಹ್ಯಾಶ್ ಅದರದ್ದೇ, ಆರಂಭದ ಎತ್ತರ 52,00,791, ‘ಹಿಂದಿನದು’ ಕಾಲಂನಲ್ಲಿ ಕಾಸ್ಮೊಸ್‌ಹಬ್-3. ಹಬ್-3ರ ಸಾಲಿನಲ್ಲಿ ನಿಂತ ಎತ್ತರವನ್ನೂ ಬರೆಯಿರಿ. ಅದು ಖಾಲಿ ಇದ್ದರೆ ನಿಮ್ಮ ಇಂಡೆಕ್ಸರ್ (ಬ್ಲಾಕ್ ಓದಿ ಡೇಟಾಬೇಸ್ ತುಂಬುವ ಪ್ರೋಗ್ರಾಂ) ಸತ್ತ ಚೈನ್‌ನ ಮುಂದಿನ ಬ್ಲಾಕ್‌ಗೆ ಕಾಯುತ್ತಲೇ ಕೂರುತ್ತದೆ.